ಅನಂತ ಮೀನುಗಳ ಕೆರೆ

ನಮ್ಮ ವಿಭಾಗದ ಬೋರ್ಡಿನ ಮೇಲೆ ಬಹಳ ವರ್ಷ ಬರೀ ‘ಸಂಖ್ಯಾಶಾಸ್ತ್ರ’ ಅಂತಿತ್ತು. ಆಮೇಲೆ ಒಂದು ಸುತ್ತೋಲೆ ಬಂದು, ಕಾಲಕ್ಕೆ ತಕ್ಕ ಹಾಗೆ ಹೆಸರು ಬದಲಾಯಿಸಿಕೊಳ್ಳಬೇಕು ಅಂದಿತು. ಪೇಂಟರ್ ಬಂದ. ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ‘ಸಂಖ್ಯಾಶಾಸ್ತ್ರ ಮತ್ತು ಜೈವಿಕ ಅನ್ವಯಗಳ ವಿಭಾಗ’ ಆದೆವು. ಆ ದಿನ ವಿಭಾಗದಲ್ಲಿ ಜೈವಿಕವಾದದ್ದು ಅಂತ ಇದ್ದದ್ದು ಅಟೆಂಡರ್ ನೀರು ಹಾಕುತ್ತಿದ್ದ ತುಳಸಿ ಗಿಡ, ಟ್ಯೂಬ್‌ಲೈಟಿನ ಹಿಂದೆ ವಾಸವಾಗಿದ್ದ ಹಲ್ಲಿ, ಮತ್ತು ವಿಭಾಗದ ಮುಖ್ಯಸ್ಥರ ಸಕ್ಕರೆ ಕಾಯಿಲೆ. ಮೂರರ ಮೇಲೂ ಯಾರೂ ಸಂಶೋಧನೆ ಮಾಡಿರಲಿಲ್ಲ.

ಸುತ್ತೋಲೆಯ ಎರಡನೇ ಭಾಗ ಇನ್ನೂ ಗಂಭೀರವಾಗಿತ್ತು. ಇನ್ನು ಮುಂದೆ ಪ್ರತಿಯೊಂದು ಪಿಎಚ್‌.ಡಿ. ಪ್ರಬಂಧದಲ್ಲೂ ಜೀವವಿರುವ ಯಾವುದಾದರೊಂದರ ಮೇಲೆ ಒಂದು ಅಧ್ಯಾಯವಾದರೂ ಇರಬೇಕು. ಇದು ಎಲ್ಲರಿಗಿಂತ ಹೆಚ್ಚಾಗಿ ಬಡಿದದ್ದು ನನ್ನ ವಿದ್ಯಾರ್ಥಿನಿಗೆ. ಶಿವನಿ ಊರಿನ ಕಡೆಯ ಹುಡುಗಿ, ಐದು ವರ್ಷದಿಂದ ನನ್ನ ಹತ್ತಿರ ಸಂಶೋಧನೆ ಮಾಡುತ್ತಿದ್ದಳು. ಅವಳ ಮೂರು ಅಧ್ಯಾಯಗಳೂ ತಯಾರಾಗಿದ್ದವು. ಮೂರರಲ್ಲೂ ಗ್ರೀಕ್ ಅಕ್ಷರ ಬಿಟ್ಟರೆ ಒಂದು ಇರುವೆಯೂ ಇರಲಿಲ್ಲ. ಅವಳ ಅವಧಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು. ಮೂರನೇ ಸಲ ಇಲ್ಲ, ಮೇ ತಿಂಗಳ ಕೊನೆಯ ಕೆಲಸದ ದಿನದೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು ಅಂತ ಕಾಗದ ಬಂದಿತ್ತು. ರದ್ದು ಅಂದರೆ ಐದು ವರ್ಷ ನೀರಿಗೆ ಹಾಕಿದ ಹಾಗೆ.

‘ಸರ್, ನೀರಿಗೆ ಹಾಕೋದೇ ಆದ್ರೆ ಮೀನಿನ ಮೇಲೆ ಮಾಡೋಣ’ ಅಂದಳು ಅವಳು. ತಮಾಷೆಗೆ ಅಂದಳೋ ಹೊಟ್ಟೆಯುರಿಗೆ ಅಂದಳೋ ಇವತ್ತಿಗೂ ಗೊತ್ತಿಲ್ಲ. ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಗಂಭೀರವಾಗಿ ತೆಗೆದುಕೊಳ್ಳುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅವಳ ಮನೆಯಲ್ಲಿ ಮಠಕ್ಕೆ ನಡೆದುಕೊಳ್ಳುವವರು, ನನ್ನ ಮನೆಯಲ್ಲೂ ಹಾಗೆಯೇ. ಮೀನು ಅಂದರೆ ನಮ್ಮಿಬ್ಬರಿಗೂ ಪಂಚಾಂಗದಲ್ಲಿ ಬರುವ ಒಂದು ರಾಶಿ. ಹಸಿ ಮೀನು ಕೈಯಲ್ಲಿ ಹಿಡಿದರೆ ಜಾರುತ್ತದೆ ಅನ್ನುವುದೂ ನನಗೆ ಓದಿ ತಿಳಿದಿದ್ದ ಸಂಗತಿ. ಇಂಥ ಇಬ್ಬರು ಅಜ್ಜಂಪುರದಾಚೆಯ ಒಂದು ಕೆರೆಯಲ್ಲಿ ಎಷ್ಟು ಮೀನಿವೆ ಅಂತ ಕಂಡುಹಿಡಿಯಲು ಹೊರಟೆವು.

ವಿಧಾನ ಹಳೆಯದು, ಸರಳವಾದದ್ದು. ಕೆರೆಯ ನೀರೆಲ್ಲ ಬಸಿದು ಮೀನು ಎಣಿಸುವುದು ಆಗದ ಮಾತು. ಅದಕ್ಕೆ ಒಂದಷ್ಟು ಮೀನು ಹಿಡಿದು, ಗುರುತು ಮಾಡಿ, ಮತ್ತೆ ನೀರಿಗೆ ಬಿಡುವುದು. ಕೆಲವು ವಾರದ ಮೇಲೆ ಬಲೆ ಹಾಕಿದಾಗ ಬಿದ್ದ ಮೀನುಗಳಲ್ಲಿ ಗುರುತಿನವು ಎಷ್ಟು ಅಂತ ನೋಡುವುದು. ಹತ್ತಕ್ಕೆ ಒಂದು ಗುರುತಿನ ಮೀನು ಸಿಕ್ಕರೆ, ನಾವು ಗುರುತು ಮಾಡಿ ಬಿಟ್ಟದ್ದರ ಹತ್ತರಷ್ಟು ಮೀನು ಕೆರೆಯಲ್ಲಿವೆ ಅಂತ ಲೆಕ್ಕ.

ಆ ಕೆರೆಯ ಮೀನುಗಾರರ ಸಂಘದ ಯಜಮಾನರಿಗೆ ಇದನ್ನು ವಿವರಿಸಲು ನಾನು ಎರಡು ಸೇರು ಹುರುಳಿ ತೆಗೆದುಕೊಂಡು ಹೋಗಿದ್ದೆ. ಏರಿಯ ಮೇಲೆ ಟವೆಲ್ ಹಾಸಿ, ಒಂದು ಹಿಡಿ ಹುರುಳಿಗೆ ಸುಣ್ಣ ಹಚ್ಚಿ, ಉಳಿದದ್ದರ ಜೊತೆ ಕಲಸಿ, ಮತ್ತೆ ಹಿಡಿ ಹಿಡಿ ತೆಗೆದು ಎಣಿಸಿ, ತರಗತಿಯಲ್ಲಿ ಎಂದೂ ಮಾಡದಷ್ಟು ಚೆನ್ನಾಗಿ ಪಾಠ ಮಾಡಿದೆ. ಯಜಮಾನರು ಐವತ್ತು ದಾಟಿದ, ಬಿಸಿಲಿಗೆ ಕರಗಿ ಗಟ್ಟಿಯಾದ ಮನುಷ್ಯ. ಪೂರ್ತಿ ಕೇಳಿದರು.

‘ಅಂದ್ರೆ ಸಾರ್, ಎಣಿಸ್ದೇ ಎಣಿಸೋದು ಅನ್ನಿ.’

‘ಹೌದು, ಯಜಮಾನ್ರೇ. ಅಷ್ಟೇ.’

‘ಎಣಿಸಿ ಏನ್ ಮಾಡ್ತೀರಿ?’

ಮೂವತ್ತು ವರ್ಷದ ವೃತ್ತಿಯಲ್ಲಿ ಯಾವ ಪರೀಕ್ಷಕರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ‘ಬರೀತೀವಿ’ ಅಂದೆ. ಅವರು ತಲೆಯಾಡಿಸಿದರು. ಹುರುಳಿಯನ್ನು ಅವರ ಮನೆಯವರು ಸೆರಗಿಗೆ ಹಾಕಿಕೊಂಡು, ಸುಣ್ಣದವನ್ನು ಆರಿಸಿ ಬಿಸಾಡಿ, ‘ಸಾರಿಗಾಯ್ತದೆ’ ಅಂತ ಮನೆ ಕಡೆ ಹೋದರು.

ಗುರುತಿಗೆ ಪ್ಲಾಸ್ಟಿಕ್ ಚೀಟಿ ಬೇಕು ಅಂತ ವಿಶ್ವವಿದ್ಯಾಲಯಕ್ಕೆ ಬೇಡಿಕೆ ಹಾಕಿದ್ದೆವು. ಅದು ಯಾವ ಮೇಜಿನ ಮೇಲಿದೆ ಅಂತ ವಿಚಾರಿಸಲು ಹೋದರೆ, ಆ ಮೇಜೇ ರಿಪೇರಿಗೆ ಹೋಗಿದೆ ಅಂದರು. ಜನವರಿ ಬಂತು. ಕಾಯುವ ಹಾಗಿರಲಿಲ್ಲ. ಹುಡುಗಿ ತಾನೇ ದಾರಿ ಕಂಡುಕೊಂಡಳು. ಬೆನ್ನಿನ ರೆಕ್ಕೆಯ ಬುಡಕ್ಕೆ ಸೂಜಿಯಲ್ಲಿ ಹತ್ತಿ ದಾರ ಪೋಣಿಸಿ ಗಂಟು ಹಾಕುವುದು. ಗಾಯ ಕೀವಾಗಬಾರದು, ದಾರ ಏನಾದರೂ ಔಷಧಿಯಲ್ಲಿ ಅದ್ದಿರಬೇಕು ಅಂತ ಮಹಡಿಯ ಮೇಲಿನ ಪ್ರಾಣಿಶಾಸ್ತ್ರದವರು ಎಚ್ಚರಿಸಿದ್ದರು. ಔಷಧಿಯ ಬೇಡಿಕೆಯೂ ಅದೇ ಮೇಜಿಗೆ ಹೋಗಬೇಕಿತ್ತು. ಅವಳ ತಾಯಿ ‘ಅರಿಶಿನಕ್ಕಿಂತ ಔಷಧಿ ಬೇಕೇನೇ?’ ಅಂತ ಮನೆಯಲ್ಲೇ ಕುಟ್ಟಿದ ಅರಿಶಿನ ಒಂದು ಡಬ್ಬಿ ಕೊಟ್ಟು ಕಳಿಸಿದರು. ದಾರಗಳನ್ನು ಹಿಂದಿನ ದಿನವೇ ನೆನೆಸಿ, ನೆರಳಿಗೆ ಒಣಗಿಸಿ, ಒಂದೊಂದೇ ಗೇಣು ಕತ್ತರಿಸಿಟ್ಟಳು. ನೂರೈವತ್ತು ದಾರ. ನಾನು ಪರಿಶೀಲಿಸಿ ‘ವೈಜ್ಞಾನಿಕವಾಗಿದೆ’ ಅಂದೆ.

ಬೆಳಿಗ್ಗೆ ಆರೂವರೆಗೆ ಬಲೆ ಹಾಕಿದರು. ಮೀನಿಗೆ ಬಿಸಿಲು ತಾಗಬಾರದು ಅಂತ ಅಷ್ಟು ಬೇಗ. ಅವಳು ಕೆರೆಯ ಮೆಟ್ಟಿಲ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಕಾಟ್ಲಾ, ರೋಹು ಹಿಡಿದು, ಹೂ ಕಟ್ಟುವ ಕೈಯಲ್ಲಿ ದಾರ ಕಟ್ಟಿ, ಎರಡೂ ಕೈಯಲ್ಲಿ ನೀರಿಗೆ ಬಿಡುತ್ತಿದ್ದಳು. ಪ್ರತಿ ಮೀನಿಗೂ ‘ತಪ್ಪಾಯ್ತಪ್ಪ, ತಪ್ಪಾಯ್ತು’ ಅನ್ನುತ್ತಿದ್ದಳು. ನಾನು ಟಬ್ಬು ಹಿಡಿದು ಪಕ್ಕದಲ್ಲಿ ನಿಂತು, ಮೂಗು ಮುಚ್ಚಿಕೊಳ್ಳಬಾರದು ಅನ್ನುವ ಸಂಕಲ್ಪದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ಸುತ್ತ ಯಜಮಾನರು, ಅವರ ಮನೆಯವರು, ಸಂಘದ ಹತ್ತಾರು ಜನ, ಯಾರೂ ಮಾತಾಡದೆ ನೋಡುತ್ತ ನಿಂತಿದ್ದರು. ಜನರಿಗೆ ವಿಜ್ಞಾನದ ಬಗ್ಗೆ ಇಷ್ಟು ಗೌರವವಿದೆಯಲ್ಲ ಅಂತ ನನಗೆ ಮನಸ್ಸು ತುಂಬಿ ಬಂತು.

ಕೊನೆಯ ಮೀನು ಬಿಟ್ಟಾದ ಮೇಲೆ ಯಜಮಾನರು ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ಸಾರು ಹೇಳಿದ್ದು ಇರ್ಲಿ. ನೀನು ಹೇಳವ್ವಾ, ಇದೆಲ್ಲ ಯಾಕೆ?’

ಅವಳಿಗೆ ಸೊಂಟ ನೋಯುತ್ತಿತ್ತು, ಕಣ್ಣಲ್ಲಿ ನಿದ್ದೆ. ‘ಈ ಮೀನು ಕೈ ಹಿಡಿದ್ರೆ ನಂಗೆ ಡಿಗ್ರಿ ಅಣ್ಣಾ. ಇಲ್ಲಾಂದ್ರೆ ಇಲ್ಲ’ ಅಂದಳು.

ಯಜಮಾನರ ಮನೆಯವರು ಮುಂದೆ ಬಂದು ಅವಳ ಕೆನ್ನೆ ಸವರಿ ಲಟಿಕೆ ಮುರಿದರು. ನಾನು ಇದನ್ನು ‘ಸ್ಥಳೀಯರ ಸಂಪೂರ್ಣ ಸಹಕಾರ’ ಅಂತ ಡೈರಿಯಲ್ಲಿ ಬರೆದುಕೊಂಡೆ.

ಸಂಘದ ಗುಮಾಸ್ತನ ಕೈಗೆ ಒಂದು ಪುಸ್ತಕ ಕೊಟ್ಟು ಬಂದೆವು. ದಿನದಿನ ಬಲೆಗೆ ಬಿದ್ದ ಮೀನೆಷ್ಟು, ಅದರಲ್ಲಿ ದಾರದ ಮೀನೆಷ್ಟು ಅಂತ ಎರಡು ಸಾಲು. ಮಾರ್ಚ್, ಏಪ್ರಿಲ್ ಪೂರ್ತಿ ಮೀನು ಹಿಡಿಯುವ ಕಾಲ. ಮೇ ಮೊದಲ ವಾರ ಪುಸ್ತಕ ಬಂತು. ಅಕ್ಷರ ದುಂಡಗೆ, ಒಂದು ದಿನವೂ ತಪ್ಪಿರಲಿಲ್ಲ. ಒಟ್ಟು ಮೂರು ಸಾವಿರ ಮೀನು. ದಾರದ ಮೀನಿನ ಸಾಲಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: ಇಲ್ಲ, ಇಲ್ಲ, ಇಲ್ಲ.

ಲೆಕ್ಕದಲ್ಲಿ ಆ ಸಂಖ್ಯೆಯಿಂದ ಭಾಗಿಸಬೇಕು. ಸೊನ್ನೆಯಿಂದ ಭಾಗಿಸಿದರೆ ಉತ್ತರ ಅನಂತ. ಅಂದರೆ ಅಜ್ಜಂಪುರದಾಚೆಯ ಆ ಕೆರೆಯಲ್ಲಿ ಅನಂತ ಮೀನುಗಳಿವೆ ಅಂತ ನಮ್ಮ ವಿಭಾಗ ಸಾಬೀತುಪಡಿಸಿದಂತಾಯಿತು. ಮತ್ಸ್ಯಾವತಾರದ ನಂತರ ಇಷ್ಟು ದೊಡ್ಡ ಸುದ್ದಿ ಇರಲಿಲ್ಲ.

ತುರ್ತು ಸಭೆ ಸೇರಿತು. ಮುಖ್ಯಸ್ಥರು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತ, ‘ಅನಂತ ಅಂತ ಬರೆದ್ರೆ ಪ್ರಬಂಧದ ನಮೂನೆಯಲ್ಲಿ ಕೂರಲ್ಲ ಕಣ್ರೀ’ ಅಂದರು. ಇನ್ನೊಬ್ಬರು ಶಾಸ್ತ್ರೋಕ್ತವಾದ ಪರಿಹಾರ ಹೇಳಿದರು. ಸೊನ್ನೆ ಬಂದಾಗ ಎಲ್ಲದಕ್ಕೂ ಒಂದೊಂದು ಕೂಡಿಸುವ ಪದ್ಧತಿ ಇದೆ, ಗೌರವಸ್ಥ ಪದ್ಧತಿಯೇ. ಕೂಡಿಸಿ ನೋಡಿದೆವು. ನಾಲ್ಕೂವರೆ ಲಕ್ಷ ಮೀನು ಬಂತು.

‘ಆ ಕೆರೇಲಿ ಅಷ್ಟು ಮೀನಿದ್ರೆ ನೀರು ಎಲ್ಲಿರುತ್ತೆ ಸರ್?’ ಅಂದಳು ಹುಡುಗಿ.

ಅವಳು ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡು ಹೊರಗೆ ಹೋದಳು. ಕಾರಿಡಾರಿನಲ್ಲಿ ತುಳಸಿ ಕುಂಡದ ಹತ್ತಿರ ನಿಂತು ಬಹಳ ಹೊತ್ತು ನೋಟೀಸ್ ಬೋರ್ಡು ಓದಿದಳು. ಅದರ ಮೇಲೆ ಹೋದ ವರ್ಷದ ಯೋಗ ಶಿಬಿರದ ಪ್ರಕಟಣೆ ಬಿಟ್ಟು ಏನೂ ಇರಲಿಲ್ಲ. ಮೂರು ವಾರ ಉಳಿದಿತ್ತು. ಹೊಸದಾಗಿ ಮಾಡೋಣವೆಂದರೆ ಕೆರೆಯ ನೀರು ಮೊಣಕಾಲಿಗಿಳಿದಿತ್ತು, ಮೀನು ಹಿಡಿಯುವುದು ಮುಗಿದಿತ್ತು.

ಮರುದಿನ ಕಡೂರಿನಲ್ಲಿ ರೈಲು ಹತ್ತಿ ಇಬ್ಬರೂ ಅಜ್ಜಂಪುರದಲ್ಲಿ ಇಳಿದೆವು. ದಾರಿಯುದ್ದಕ್ಕೂ ನಾನು ಕಾರಣ ಊಹಿಸುತ್ತ ಹೋದೆ. ದಾರ ಕೊಳೆತಿರಬೇಕು, ಮೀನು ಸತ್ತಿರಬೇಕು, ಅರಿಶಿನದ ವಾಸನೆಗೆ ಅವು ಬಲೆಯ ಹತ್ತಿರವೇ ಬಂದಿರಲಿಕ್ಕಿಲ್ಲ. ಹುಡುಗಿ ಕಿಟಕಿಯಾಚೆ ನೋಡುತ್ತ, ‘ನಾನು ಕಟ್ಟಿದ ಗಂಟು ಬಿಚ್ಚಲ್ಲ ಸರ್’ ಅಂದಳು. ಅಷ್ಟೇ ಮಾತು.

ಯಜಮಾನರು ಬಲೆ ಹೊಲಿಯುತ್ತ ಕೂತಿದ್ದರು. ‘ದಾರದ ಮೀನು ಒಂದೂ ಸಿಗ್ಲಿಲ್ವಾ?’ ಅಂತ ಕೇಳಿದೆ. ‘ಇಲ್ಲ ಸಾರ್’ ಅಂದರು, ನನ್ನ ಮುಖ ನೋಡದೆ. ಇನ್ನೊಂದು ಸಲ ಕೇಳಿದೆ. ‘ಹಿಡಿದಿಲ್ಲ ಸಾರ್’ ಅಂದರು. ಮೂರನೇ ಸಲ ಕೇಳುವಷ್ಟರಲ್ಲಿ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಒಳಗಿಂದ ಯಜಮಾನರ ಮನೆಯವರು ಬಂದವರು ಅದನ್ನು ನೋಡಿಬಿಟ್ಟರು.

‘ಅಯ್ಯೋ, ಯಾಕಳ್ತೀಯಾ ಮಗಳೇ? ನಿನ್ನ ಹರಕೆ ಮೀನು ಒಂದನ್ನಾದ್ರೂ ಕೊಂದಿದೀವಾ ನಾವು?’

ಹುಡುಗಿ ಕಣ್ಣೊರೆಸಿಕೊಳ್ಳುವುದನ್ನು ಮರೆತಳು. ‘ಹರಕೆ ಮೀನಾ?’

‘ಇನ್ನೇನು ಮತ್ತೆ? ಮೀನು ಮುಟ್ಟದ ಮನೆ ಹುಡುಗಿ, ಬೆಳಿಗ್ಗೆ ಬಂದು, ಅರಿಶಿನದ ದಾರ ಕಟ್ಟಿ, ತಪ್ಪಾಯ್ತು ತಪ್ಪಾಯ್ತು ಅಂತ ಬೇಡ್ಕಂಡು ಬಿಟ್ಟೆ. ಡಿಗ್ರಿ ಸಿಗ್ಲಿ ಅಂತ ಅಂದೆ. ನಮಗೆ ಅಷ್ಟೂ ತಿಳಿಯಾಕಿಲ್ವಾ?’

‘ಅಕ್ಕಾ, ಸರ್ ಹುರುಳಿ ಇಟ್ಕೊಂಡು ಅಷ್ಟೊತ್ತು ಹೇಳಿದ್ರಲ್ಲ!’

‘ಹೇಳಿದ್ರು. ಹರಕೆ ಮಾಡ್ಕಂಡೋರು ಯಾರವ್ವಾ ಬಾಯಿಬಿಟ್ಟು ಹೇಳ್ತಾರೆ? ಏನೋ ಒಂದು ಹೇಳ್ಬೇಕಲ್ಲ ಅಂತ ನಿಮ್ಮ ಮೇಷ್ಟ್ರು ಹುರುಳಿ ಕಥೆ ಕಟ್ಟಿದ್ರು ಅಂದ್ಕಂಡ್ವಿ. ಪಾಪ, ದೊಡ್ಡೋರು, ಅಷ್ಟೆಲ್ಲ ಕಷ್ಟಪಟ್ಟು ಸುಳ್ಳು ಹೇಳ್ತಾವ್ರೆ, ಕೇಳ್ಸಿಕೊಂಡ್ರಾಯ್ತು ಅಂತ ಸುಮ್ನಿದ್ವಿ.’

ನನ್ನ ಜೀವನದ ಅತ್ಯುತ್ತಮ ಪಾಠಕ್ಕೆ ಬಂದ ವಿಮರ್ಶೆ ಇದು. ಇದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಿಸಿದ್ದೇನೆ. ಅರಿಶಿನದ ದಾರ ಎಂಥದ್ದಕ್ಕೆ ಕಟ್ಟುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ನನ್ನ ಕೈಗೂ ಕಟ್ಟಿದ್ದಾರೆ, ಅವಳ ಮನೆಯ ಕಂಬಕ್ಕೂ ಕಟ್ಟಿದ್ದಾರೆ. ಆದರೆ ವಿಶ್ವವಿದ್ಯಾಲಯದ ಗೇಟು ದಾಟುವಾಗ ಕೊಡೆಯ ಹಾಗೆ ಅದನ್ನೆಲ್ಲ ಮಡಿಸಿ ಹೊರಗಿಟ್ಟು ಹೋಗುವುದು ನಮ್ಮ ಅಭ್ಯಾಸ.

‘ಸಿಕ್ಕ ಮೀನು ಏನ್ ಮಾಡಿದ್ರಿ?’ ಅಂದಳು ಹುಡುಗಿ. ಧ್ವನಿ ಬದಲಾಗಿತ್ತು. ಸಂಶೋಧಕಿಯ ಧ್ವನಿ ಬಂದಿತ್ತು.

‘ಕೆರೆಗೇ ಬಿಟ್ರೆ ಮತ್ತೆ ಬಲೆಗೆ ಬೀಳ್ತವೆ ಅಂತ ಬಿಂದಿಗೇಲಿ ತಗಂಡೋಗಿ ದೇವಸ್ಥಾನದ ಕಲ್ಯಾಣಿಗೆ ಬಿಟ್ವಿ’ ಅಂದರು ಯಜಮಾನರು. ‘ಪುಸ್ತಕದಾಗೆ ಹಿಡಿದ್ವಿ ಅಂತ ಬರೆದ್ರೆ ನಿನ್ನ ಮನಸ್ಸಿಗೆ ನೋವಾಯ್ತದೆ ಅಂತ ಗುಮಾಸ್ತನಿಗೆ ನಾನೇ ಇಲ್ಲ ಅಂತ ಬರಿ ಅಂದೆ. ಹರಕೆ ಮೀನು ಬಲೆಗೆ ಬಿದ್ರೂ ಅದು ಹಿಡಿದ ಹಂಗಲ್ಲ.’

ಅವಳು ಕಲ್ಯಾಣಿಯ ಕಡೆ ಓಡಿದಳು. ಐದು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ. ನಾನೂ ಓಡಿದೆ. ಅದನ್ನು ನೋಡದಿದ್ದವರು ಪುಣ್ಯವಂತರು.

ಕಲ್ಯಾಣಿ ಚಿಕ್ಕದು, ನಾಲ್ಕೂ ಕಡೆ ಮೆಟ್ಟಿಲು. ಹಸಿರು ನೀರಿನಲ್ಲಿ ಹಳದಿ ಎಳೆಗಳು ಓಡಾಡುತ್ತಿದ್ದವು. ಪ್ರತಿಯೊಂದೂ ಬಲೆಗೆ ಬಿದ್ದ ಗುರುತಿನ ಮೀನು, ಒಂದೂ ತಪ್ಪದೆ ಒಂದೇ ಕಡೆ ಕೂಡಿಟ್ಟದ್ದು. ಇಷ್ಟು ಅಚ್ಚುಕಟ್ಟಾಗಿ ದತ್ತಾಂಶ ಕಾಪಾಡಿದ ಸಂಸ್ಥೆಯನ್ನು ನಾನು ಕಂಡಿಲ್ಲ. ಮಂಡಕ್ಕಿ ಎಸೆದೆವು, ಮೇಲೆ ಬಂದವು. ನಾನು ಎಣಿಸಿದೆ, ಇಪ್ಪತ್ತಾರು. ಮತ್ತೆ ಎಣಿಸಿದೆ, ಮೂವತ್ತಮೂರು. ಮೂರನೇ ಸಲ ಹತ್ತೊಂಬತ್ತು. ‘ಸರಾಸರಿ ತೆಗೆಯೋಣ’ ಅಂದೆ. ಹುಡುಗಿ ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿದೆ. ಕಲ್ಯಾಣಿಯ ಮೀನು ಎಷ್ಟಿವೆ ಅಂತ ತಿಳಿಯಲು ಅವಕ್ಕೂ ಇನ್ನೊಂದು ಬಣ್ಣದ ದಾರ ಕಟ್ಟಬೇಕಾಗುತ್ತದೋ ಅನ್ನುವ ಯೋಚನೆ ನನಗೆ ಬಂದದ್ದು ನಿಜ. ಹೇಳಲಿಲ್ಲ.

ಯಜಮಾನರ ಮನೆಯವರು ಒಂದು ಹಳೆಯ ಸೀರೆ ತಂದರು. ಹೆಂಗಸರಿಬ್ಬರೂ ನೀರಿಗಿಳಿದು ಸೀರೆಯ ಎರಡು ತುದಿ ಹಿಡಿದು ಮೀನುಗಳನ್ನು ಮೂಲೆಗೆ ತಂದರು. ಒಂದು ಟಬ್ಬಿನಿಂದ ಇನ್ನೊಂದು ಟಬ್ಬಿಗೆ, ಒಂದೊಂದೇ. ಈ ಸಲ ನಾನು ಕಣ್ಣು ಬಿಟ್ಟುಕೊಂಡಿದ್ದೆ. ಮೂವತ್ತು.

‘ಮೂವತ್ತೊಂದು ಬರ್ಕಳಿ’ ಅಂದರು ಯಜಮಾನರು. ‘ಒಂದನ್ನ ಬಿಂದಿಗೆಯಿಂದ ಬಿಡೋವಾಗ್ಲೇ ಕೊಕ್ಕರೆ ಹೊತ್ಕಂಡೋಯ್ತು. ಅದಕ್ಕೆ ನಾನೇ ತಪ್ಪುಗಾಣಿಕೆ ಕಟ್ಟಿವ್ನಿ.’

ಮೆಟ್ಟಿಲ ಮೇಲೆ ಕೂತು, ಒದ್ದೆ ಕೈಯಲ್ಲೇ ಅವಳು ಲೆಕ್ಕ ಮಾಡಿದಳು. ಹಿಡಿದ ಮೂರು ಸಾವಿರಕ್ಕೆ ಈ ಮೂವತ್ತೊಂದನ್ನೂ ಸೇರಿಸಬೇಕು ಅನ್ನುವುದು ನನಗೆ ಹೊಳೆಯುವ ಮೊದಲೇ ಸೇರಿಸಿದ್ದಳು. ಹದಿನಾಲ್ಕು ಸಾವಿರದ ಆರುನೂರ ಚಿಲ್ಲರೆ ಬಂತು. ಯಜಮಾನರಿಗೆ ಓದಿ ಹೇಳಿದಳು.

‘ಹದಿನೈದು ಸಾವಿರ ಇದ್ದಾವು ಅಂತ ನಾನು ಅವಾಗ್ಲೇ ಅಂದ್ಕಂಡಿದ್ದೆ’ ಅಂದರು ಅವರು. ‘ನೀವು ಕೇಳ್ಲೇ ಇಲ್ಲ.’

ಉಳಿದ ಮೂರು ವಾರ ಅವಳು ಹೇಗೆ ಬರೆದಳೋ, ಯಾವಾಗ ಉಂಡಳೋ ಗೊತ್ತಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಮೀನಿನ ಲೆಕ್ಕ ಅರ್ಧ, ಇನ್ನರ್ಧ ಅದಕ್ಕಿಂತ ಗಟ್ಟಿಯಾದದ್ದು. ಗುರುತು ಸಿಕ್ಕರೂ ಸಿಕ್ಕಿತು ಅಂತ ಜನ ಹೇಳದಿದ್ದಾಗ ಲೆಕ್ಕ ಎಷ್ಟು ತಪ್ಪುತ್ತದೆ, ಅದನ್ನು ತಿದ್ದುವುದು ಹೇಗೆ ಅನ್ನುವುದು. ಅನಂತದಿಂದ ಹದಿನಾಲ್ಕು ಸಾವಿರಕ್ಕೆ ಇಳಿದು ಬಂದ ಕಥೆಯನ್ನು ಪೂರ್ತಿ, ಒಂದು ಮಾತೂ ಮುಚ್ಚಿಡದೆ ಬರೆದಳು. ಹುರುಳಿಯ ಪ್ರಸಂಗ ಬೇಡ ಅಂತ ಕೇಳಿಕೊಂಡೆ. ವಿಧಾನದ ಭಾಗ ಸರ್, ಬಿಡಕ್ಕಾಗಲ್ಲ ಅಂದಳು. ಕೊನೆಯ ದಿನ ಕಚೇರಿ ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ಪ್ರಬಂಧ ಒಳಗೆ ಹೋಯಿತು. ಸ್ವೀಕೃತಿ ಮುದ್ರೆ ಒತ್ತಿದ ಗುಮಾಸ್ತರ ಕೈಗೆ, ಅವಳ ತಾಯಿ ಪ್ರಬಂಧಕ್ಕೆ ಹಚ್ಚಿ ಕಳಿಸಿದ್ದ ಅರಿಶಿನ ಅಂಟಿತು.

ಮೌಖಿಕ ಪರೀಕ್ಷೆ ಬಹಿರಂಗ, ಯಾರು ಬೇಕಾದರೂ ಬರಬಹುದು ಅಂತ ನಿಯಮ. ಹಾಗಂತ ಇದುವರೆಗೆ ಯಾರೂ ಬಂದಿರಲಿಲ್ಲ. ಆ ದಿನ ಹಿಂದಿನ ಸಾಲಿನಲ್ಲಿ ಯಜಮಾನರು ಇಸ್ತ್ರಿ ಅಂಗಿಯಲ್ಲಿ, ಅವರ ಮನೆಯವರು ಮಡಿಲಲ್ಲಿ ಮಂಡಕ್ಕಿ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಮಾತಿಲ್ಲದವರು. ನಾಲ್ಕನೇ ಅಧ್ಯಾಯಕ್ಕೆ ಬಂದು ಕನ್ನಡಕ ತೆಗೆದು ಕೇಳಿದರು: ‘ಗುರುತಿನ ಮೀನನ್ನು ಬಲೆಯವರು ಬೇರೆ ಮೀನಿನ ಹಾಗೆಯೇ ಕಾಣುತ್ತಾರೆ ಅಂತ ಈ ವಿಧಾನದ ನಂಬಿಕೆ. ನಿಮ್ಮಲ್ಲಿ ಆ ನಂಬಿಕೆ ಮುರಿಯಿತು. ತಪ್ಪು ಯಾರದು?’

ಅವಳು ಬಾಯಿ ತೆರೆಯುವ ಮೊದಲು ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು.

‘ನಮ್ದು ಸಾರ್’ ಅಂದರು ಯಜಮಾನರು, ಎದ್ದು ನಿಂತು. ‘ಹುಡುಗೀದೇನೂ ಇಲ್ಲ. ಫೇಲ್ ಮಾಡ್ಬ್ಯಾಡಿ.’

ಹುಡುಗಿ ಅವರ ಕಡೆ ತಿರುಗಿ, ಕೂತ್ಕೊಳಿ ಅಣ್ಣಾ ಅಂತ ಕೈಸನ್ನೆ ಮಾಡಿ, ಪರೀಕ್ಷಕರಿಗೆ ಹೇಳಿದಳು: ‘ತಪ್ಪು ನನ್ನದು ಸರ್. ಬಣ್ಣ ಆರಿಸೋವಾಗ ನಾನು ಮೀನಿನ ಬಗ್ಗೆ ಮಾತ್ರ ಯೋಚಿಸಿದೆ, ಹಿಡಿಯೋರ ಬಗ್ಗೆ ಯೋಚಿಸಲಿಲ್ಲ. ಅಧ್ಯಾಯ ಇರೋದೇ ಅದರ ಮೇಲೆ.’

ಪರೀಕ್ಷಕರು ಕನ್ನಡಕ ಹಾಕಿಕೊಂಡು ಏನೋ ಬರೆದರು. ಬರೆದು ಮುಗಿಸಿ, ಶಿಫಾರಸು ಮಾಡಿದ್ದೇನೆ, ಅಭಿನಂದನೆ ಅಂದರು. ಅವಳು ಮೇಜನ್ನು ಹಿಡಿದುಕೊಂಡು ನಿಂತಳು. ನಾನು ಕಿಟಕಿಯಾಚೆ ಏನೋ ಮುಖ್ಯವಾದದ್ದು ಇದೆ ಅನ್ನುವ ಹಾಗೆ ಆ ಕಡೆ ನೋಡಿದೆ.

ಯಜಮಾನರು ಇನ್ನೂ ಕೂತಿರಲಿಲ್ಲ. ‘ಒಂದೇ ಮಾತು ಸಾರ್. ಡಿಗ್ರಿ ಆಯ್ತು, ಹರಕೆ ಅಲ್ಲ ಅಂತಾನೂ ಆಯ್ತು. ಇನ್ನು ಆ ಮೂವತ್ತು ಮೀನು ಹಿಡೀಬೌದಾ, ಬಿಡ್ಬೇಕಾ? ಒಂದೊಂದು ಎರಡು ಕೇಜಿ ಆಗ್ಯವೆ.’

ಎಲ್ಲರೂ ಹುಡುಗಿಯ ಮುಖ ನೋಡಿದರು.

‘ಹಿಡಿಯೋ ಹಾಗಿಲ್ಲ ಅಣ್ಣಾ. ಅವು ಮೂಲ ದತ್ತಾಂಶ. ಡಿಗ್ರಿ ಆದ ಮೇಲೂ ಐದು ವರ್ಷ ಕಾಪಾಡಬೇಕು ಅಂತ ವಿಶ್ವವಿದ್ಯಾಲಯದ ನಿಯಮ ಇದೆ.’

ಯಜಮಾನರು ತಮ್ಮ ಮನೆಯವರ ಕಡೆ ಬಗ್ಗಿ, ‘ನಾನ್ ಹೇಳ್ಲಿಲ್ವಾ, ಹರಕೇನೇ ಅದು’ ಅಂದರು. ಇಬ್ಬರೂ ಸಮಾಧಾನವಾಗಿ ಕೂತು, ಮಂಡಕ್ಕಿ ಪೊಟ್ಟಣ ಬಿಚ್ಚಿದರು.

ಈಗ ವರ್ಷಕ್ಕೊಂದು ಸಲ, ಮಾರ್ಗದರ್ಶಕನ ಹೊಣೆಯಂತೆ, ನಾನು ಅಜ್ಜಂಪುರದಲ್ಲಿ ರೈಲಿಳಿದು ಹೋಗಿ ದತ್ತಾಂಶಕ್ಕೆ ಮಂಡಕ್ಕಿ ಹಾಕಿ ಬರುತ್ತೇನೆ. ದಾರದ ಬಣ್ಣ ಮಾಸಿದೆ, ಗಂಟು ಬಿಚ್ಚಿಲ್ಲ. ಎಣಿಸುವುದಿಲ್ಲ. ‘ಸುಸ್ಥಿತಿಯಲ್ಲಿದೆ’ ಅಂತ ಬರೆದು ಸಹಿ ಮಾಡುತ್ತೇನೆ.